ಅಕ್ಕನ ಒಡಪಿನ ಶಾಲೆ

ಹಳಿಯಾಳದ ಅರ್ಧ ಊರಿನ ಗಂಡಂದಿರ ಗುಟ್ಟು ನಮ್ಮ ಅಕ್ಕನಿಗೆ ಗೊತ್ತು. ಗಾಬರಿಯಾಗಬೇಡಿ! ಅವಳು ಒಡಪು ಕಟ್ಟುವವಳು, ಅಷ್ಟೇ. ಮದುವೆ, ಬಸುರಿಯ ಕುಬುಸ, ತೊಟ್ಟಿಲು, ಯಾವುದೇ ಇರಲಿ, ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಎರಡು ಸಾಲಿನ ಪ್ರಾಸದಲ್ಲಿ ಸೇರಿಸಿ ಹೇಳಬೇಕು. ಹೇಳದ ಹೊಸ ಸೊಸೆಯನ್ನು ಹೊಸ್ತಿಲು ದಾಟಲು ಬಿಡುವುದಿಲ್ಲ. ಹೀಗಾಗಿ ಬೇಸಿಗೆಯಲ್ಲಿ ಮದುವೆ ಗೊತ್ತಾದ ಹುಡುಗಿಯರು ಬ್ಲೌಸು ಹೊಲಿಯಲು ಕೊಟ್ಟು ನೇರ ಅಕ್ಕನ ಕಟ್ಟೆಗೆ ಬರುತ್ತಾರೆ.

ಇಷ್ಟೆಲ್ಲ ಕಟ್ಟುವ ಅಕ್ಕ ತಾನು ಒಡಪು ಹೇಳಿ ಮಾತ್ರ ಎಂಟು ವರ್ಷವಾಗಿತ್ತು. ಭಾವ ಅಂಬಿಕಾನಗರದಲ್ಲಿ ಕೆಲಸದಲ್ಲಿದ್ದವರು, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಕ್ಕನನ್ನು ಯಾರೂ ಕೇಳಲಿಲ್ಲ. ಗಂಡನಿಲ್ಲದವಳನ್ನು ಕೇಳುವ ಪದ್ಧತಿಯಿಲ್ಲ.

ಈ ಸಲ ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿದ ನನ್ನ ಮಗಳು ಲೇಖಕಿಯಾಗುತ್ತೇನೆಂದು ಹಟ ಹಿಡಿದಳು. ನಾನು ದಾಂಡೇಲಿಯಲ್ಲಿ ಕೂತು ಮೊಬೈಲಿನಲ್ಲಿ ಬೇಸಿಗೆ ಶಿಬಿರ ಹುಡುಕುತ್ತಿದ್ದಾಗ ಅಕ್ಕನ ಫೋನು ಬಂತು.

“ಶಿಬಿರ ಗಿಬಿರ ಏನೂ ಬ್ಯಾಡ. ನನ್ನ ಕಡೆ ಕಳಸು. ನನಗೂ ಕೈ ಸಾಲವಲ್ದು.”

ಮೊದಲ ದಿನವೇ ಮಗಳು ಚಂದ್ರ, ಚುಕ್ಕಿ, ಮಲ್ಲಿಗೆ ತುಂಬಿದ ಒಡಪು ಬರೆದಳು. ಅಕ್ಕ ಅದನ್ನೋದಿ ಬಿಸಿ ಚಹಾದ ಪಾತ್ರೆಯ ಕೆಳಗಿಟ್ಟಳು.

“ಚಂದ್ರನ್ನ ಮುಟ್ಟಿ ನೋಡಿಯೇನು?”

“ಇಲ್ಲ ದೊಡ್ಡವ್ವ.”

“ಬೆಂಡಿಕಾಯಿ?”

“ಹೆಚ್ಚೀನಿ.”

“ಹಂಗಾರ ಅದನ್ನ ಬರಿ. ಗಂಡ ಮಲ್ಲಿಗಿ ತಂದಾ ಅಂತ ಎಲ್ಲಾರೂ ಬರೀತಾರ. ನಿಮ್ಮ ದೊಡ್ಡಪ್ಪ ಹಪ್ಪಳ ತರತಿದ್ರು.”

“ಯಾಕ?”

“ನನಗ ಸೇರತಿದ್ದವು, ಅದಕ್ಕ.”

ಎರಡನೆಯ ಪಾಠ ಒಲೆಯ ಮುಂದೆ. ಅಕ್ಕ ಹಂಚಿನ ಮೇಲೆ ರೊಟ್ಟಿ ಹಾಕುವಳು, ಮಗಳು ಒಡಪು ಹೇಳಬೇಕು. ರೊಟ್ಟಿ ಸೀಯುವುದರೊಳಗೆ ಮುಗಿಯಬೇಕು. ಮೊದಲ ವಾರವೆಲ್ಲ ಇಬ್ಬರೂ ಕರಕಲು ರೊಟ್ಟಿಯನ್ನೇ ತಿಂದರಂತೆ. ಯಾವ ಶಿಬಿರದಲ್ಲಿ ಇದನ್ನು ಕಲಿಸುತ್ತಾರೆ, ಹೇಳಿ?

ಮೂರನೆಯದು ವಿಚಾರಣೆ. ಮುಂಡಗೋಡ ಕಡೆಯ ಸನವಳ್ಳಿಗೆ ಸೊಸೆಯಾಗಿ ಹೋಗುವ ಹುಡುಗಿಯನ್ನು ಕೂರಿಸಿಕೊಂಡು ಮಗಳು ಕೇಳಿದ್ದು ಒಂದೇ ಪ್ರಶ್ನೆ: “ನಿಮ್ಮವರು ಯಾತಕ್ಕ ಅಂಜತಾರ್ರಿ?” ಹುಡುಗಿ ಸೆರಗು ಬಾಯಿಗಿಟ್ಟು ನಕ್ಕು, ಕಿವಿಯಲ್ಲಿ ಹೇಳಿದಳು.

ಆ ಮದುವೆಗೆ ನಾವು ಮೂವರೂ ಹೋದೆವು. ಸನವಳ್ಳಿಯ ಮನೆಬಾಗಿಲಲ್ಲಿ ಹೆಂಗಸರು ಅಡ್ಡಗಟ್ಟಿ ನಿಂತರು. ಹೊಸ ಸೊಸೆ ತಲೆ ಎತ್ತಿ ಹೇಳಿದಳು:

“ಜೋಯಿಡಾ ಹುಲಿಗೂ ಅಂಜೂದಿಲ್ಲಂತ ಹೇಳತಾರ ಹೋದಲ್ಲಿ,
ಮಹಾಂತೇಶ ಅವರನ್ನ ಓಡಸಾಕ ಸಾಕ್ರಿ ಒಂದ ಹಲ್ಲಿ.”

ವರ ನೆಲ ನೋಡಿದ. ಅವನ ಸೋದರತ್ತೆ ನಕ್ಕೂ ನಕ್ಕೂ ಅಲ್ಲೇ ಕುಸಿದು ಕೂತಳು. ಬಾಗಿಲು ತಾನಾಗಿ ತೆರವಾಯಿತು. ನನ್ನ ಮಗಳ ಮುಖ ನೋಡಬೇಕಿತ್ತು ನೀವು!

ಆಮೇಲೆ ಒಳಗೆ ಕೂತ ಹೆಂಗಸರೆಲ್ಲ ಸಾಲಾಗಿ ಒಡಪು ಹೇಳತೊಡಗಿದರು. ನಾನೂ ಹೇಳಿದೆ. ನನ್ನ ಪಕ್ಕದ ಅಕ್ಕನನ್ನು ಬಿಟ್ಟು ಸರದಿ ಆಚೆಯವಳಿಗೆ ಹೋಯಿತು. ಅಕ್ಕ ಎಂದಿನಂತೆ ಎಲೆಅಡಿಕೆ ತಟ್ಟೆಯನ್ನು ಸರಿಮಾಡುತ್ತ ಕೂತಳು.

“ದೊಡ್ಡವ್ವ, ನಿಂದ ಪಾಳಿ,” ಎಂದಳು ಮಗಳು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆಗ ಯಾರಾದರೂ ಒಂದು ಕೊಂಕು ಆಡಿದ್ದರೆ ಅಕ್ಕ ಮತ್ತೆಂದೂ ಮದುವೆಮನೆಗೆ ಕಾಲಿಡುತ್ತಿರಲಿಲ್ಲ. ಮಗಳು ತಾನು ಬರೆದ ಚೀಟಿಯೊಂದನ್ನು ಕೊಟ್ಟಳು. ಅಕ್ಕ ಕನ್ನಡಕ ಏರಿಸಿ ಓದಿದಳು. ಎರಡೇ ಸಾಲು, ಬಹಳ ಹೊತ್ತು ಓದಿದಳು.

“ತಪ್ಪೈತಿ,” ಎಂದಳು. “ರವಿವಾರ ಅಲ್ಲ, ಶನಿವಾರ. ರವಿವಾರ ಅವರು ಹೊಳ್ಳಿ ಹೋಗೂ ದಿನ.”

ಆಮೇಲೆ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದಳು:

“ಶನಿವಾರ ಸಂಜಿ ಬಸ್ಸ ಬಂದರ ಓಣ್ಯಾಗ ಹೆಜ್ಜಿ ಸಪ್ಪಳ,
ಈರಪ್ಪನವರ ಕೈಯಾಗ ನನಗಂತ ತಂದ ಹಪ್ಪಳ.”

ರೊಟ್ಟಿ ಸೀಯುವುದರೊಳಗೆ ಮುಗಿಯಿತು. ಮೂಲೆಯಲ್ಲಿದ್ದ ವರನ ಅಜ್ಜಿ, ಬರಿಗೊರಳಿನ ಮುದುಕಿ, ಮೆಲ್ಲಗೆ ಎದ್ದು ಬಂದು ಅಕ್ಕನ ಕೈ ಹಿಡಿದಳು.

“ನನಗೂ ಒಂದ ಕಟ್ಟಿಕೊಡವಾ. ನಮ್ಮವರ ಹೆಸರ ಬಾಯಾಗ ಬಂದು ಭಾಳ ದಿನ ಆತು.”

ಅಕ್ಕ ನನ್ನ ಮಗಳನ್ನು ಮುಂದಕ್ಕೆ ತಳ್ಳಿದಳು. ಅವಳು ಅಜ್ಜಿಯ ಕಾಲಬುಡದಲ್ಲಿ ಕೂತು ನೋಟ್‌ಬುಕ್ಕು ಬಿಚ್ಚಿದಳು.

“ಅಜ್ಜೀ, ಅಜ್ಜಾರು ನಿಮಗಂತ ಏನ ತರತಿದ್ರು?”