ಪೂಜೆಗೆ ಕೂತ ಟ್ಯಾಬು

ನನ್ನ ಮನೆಯಲ್ಲಿ ನನಗೆ ಕಾಲು ಚಾಚಲು ಜಾಗವಿಲ್ಲ. ವೇದಾಂತ ಹೇಳುತ್ತಿಲ್ಲ ಸ್ವಾಮಿ, ನಿಜವಾಗಿಯೂ ಇಲ್ಲ. ಜೆಪ್ಪುವಿನ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ, ಫ್ಯಾನಿನ ಗಾಳಿ ಸರಿಯಾಗಿ ಬೀಳುವ ಒಂದೇ ಒಂದು ಜಾಗವನ್ನು ನನ್ನ ಹೆಂಡತಿ ಕುಶಲಾಳ ಪುಸ್ತಕದ ಕಪಾಟು ಆಕ್ರಮಿಸಿದೆ. ಅಲ್ಲಿಗೆಂದು ನಾನೊಂದು ಕುರ್ಚಿ ಬುಕ್ ಮಾಡಿದ್ದೆ. ಬೆನ್ನು ಒರಗಿಸಿದರೆ ಕಾಲು ತಾನಾಗಿ ಮೇಲೇರುವಂಥ ಕುರ್ಚಿ. ಅದು ಬರಬೇಕಾದರೆ ಕಪಾಟು ಹೋಗಬೇಕು. (ಕಪಾಟು ಹೋಗಬೇಕಾದರೆ ಕುಶಲಾ ಒಪ್ಪಬೇಕು ಎಂಬ ಸಣ್ಣ ವಿಷಯ ಬುಕ್ ಮಾಡುವಾಗ ಹೊಳೆದಿರಲಿಲ್ಲ.)

ಕಪಾಟಿಗೊಂದು ಇತಿಹಾಸವಿದೆ. ನನ್ನ ಮಾವ ಮಾಯಿಲಪ್ಪನವರಿಗೆ ಬಜಪೆಯಲ್ಲಿ ದಿನಸಿ ಅಂಗಡಿಯಿತ್ತು. ಸಾಮಾನು ಕಟ್ಟಿಕೊಡಲು ಹಳೆಯ ಪುಸ್ತಕಗಳು ತೂಕದ ಲೆಕ್ಕದಲ್ಲಿ ಬರುತ್ತಿದ್ದವು. ಮಾವ ಹರಿಯುವ ಮುಂಚೆ ಒಂದೆರಡು ಪುಟ ಓದುವರು. ಹಿಡಿಸಿದರೆ ಹರಿಯಲು ಕೈ ಬಾರದೆ ಒಳಗಿಡುವರು. ಹಾಗೆ ಕೊತ್ತಂಬರಿ ಪೊಟ್ಟಣವಾಗುವ ದುರ್ಗತಿಯಿಂದ ಪಾರಾದ ಪುಸ್ತಕಗಳೇ ಈ ಕಪಾಟಿನಲ್ಲಿರುವುದು. ಇಂದಿಗೂ ಬಾಗಿಲು ತೆರೆದರೆ ಜೀರಿಗೆಯ ವಾಸನೆ ಬರುತ್ತದೆ. ಮಾವ ತೀರಿಕೊಂಡ ಮೇಲೆ ಅದು ಮಗಳ ಮನೆಗೆ, ಅಂದರೆ ನನ್ನ ತಲೆಗೆ, ಬಂತು.

ನಾನೂ ಓದುಗನೇ. ಆದರೆ ಆಧುನಿಕ ಓದುಗ. ಒಂದು ಸಂಜೆ ನನ್ನ ಟ್ಯಾಬನ್ನು ಎತ್ತಿ ಹಿಡಿದು ಕುಶಲಾಳಿಗೆ ಜ್ಞಾನೋಪದೇಶ ಮಾಡಿದೆ.

"ನಿನ್ನ ಇಡೀ ಕಪಾಟು ಇದರ ಒಂದು ಮೂಲೆಯಲ್ಲಿ ಹಿಡಿಯುತ್ತದೆ. ಧೂಳಿಲ್ಲ, ಗೆದ್ದಲಿಲ್ಲ. ನಿನ್ನ ಅಪ್ಪ ಉಳಿಸಿಟ್ಟ ಆ ಪತ್ತೇದಾರಿ ಕಾದಂಬರಿ ಸಹ ಇದರಲ್ಲಿ ಉಂಟು. ಈಗ ಅದನ್ನೇ ಓದ್ತಾ ಇದ್ದೇನೆ ನೋಡು."

"ಓದಿ ಮಾರಾಯ್ರೆ, ಯಾರು ಬೇಡ ಹೇಳಿದ್ದು? ನನ್ನ ಕಪಾಟು ನಿಮಗೆ ಎಂತ ಮಾಡಿದೆ?"

"ಅದರ ಬಾಗಿಲು ತೆರೆಯದೆ ಎಷ್ಟು ಕಾಲ ಆಯಿತು? ತೆರೆಯದ ಪುಸ್ತಕಕ್ಕೆ ಈ ಮನೆಯಲ್ಲಿ ಜಾಗ ಇಲ್ಲ. ಇದು ಕಾನೂನು."

"ಯಾರ ಕಾನೂನು?"

"ನನ್ನದು!"

"ಅಪ್ಪನಿಗೆ ಹರಿಯಲಿಕ್ಕೆ ಮನಸ್ಸು ಬರಲಿಲ್ಲ," ಎಂದಳು ಕುಶಲಾ. "ನಿಮಗೆ ಹೊರಗೆ ಹಾಕಲಿಕ್ಕೆ ಮನಸ್ಸು ಬರ್ತದಲ್ಲ."

ಅವಳ ಸ್ವರ ಇಳಿದಿತ್ತು. ಅದು ಏರಿದರೆ ನನಗೆ ಭಯವಿಲ್ಲ, ಅಭ್ಯಾಸವಾಗಿದೆ. ಇಳಿದರೆ ಮಾತ್ರ ಟ್ಯಾಬು ಕೆಳಗಿಡುತ್ತೇನೆ. ಕೊನೆಗೆ ಅವಳೇ, "ದಸರಾ ಕಳೆಯಲಿ, ಪೂಜೆಗೆ ಇಡಲಿಕ್ಕೆ ಪುಸ್ತಕ ಬೇಕು," ಎಂದಳು. ಅಷ್ಟೇ ಸಾಕೆಂದು ನಾನು ಕುಲಶೇಖರದಲ್ಲಿ ವಾಚನಾಲಯ ನಡೆಸುವ ಗೆಳೆಯ ಆರ್ಥರನಿಗೆ ಫೋನ್ ಮಾಡಿ, ವಿಜಯದಶಮಿಯ ಬೆಳಿಗ್ಗೆ ಟೆಂಪೋ ತಂದು ಎಲ್ಲವನ್ನೂ ಒಯ್ಯುವಂತೆ ಹೇಳಿದೆ.

ಶಾರದಾ ಪೂಜೆಗೆ ಬಜಪೆಯಿಂದ ಕುಶಲಾಳ ತಾಯಿ ದೇಯಿ ಅತ್ತೆ ಬಂದರು. ಅತ್ತೆಗೆ ಅಕ್ಷರ ಬಾರದು. ಆದರೆ ಪುಸ್ತಕ ಪೂಜೆಗಿಡುವ ಅಧಿಕಾರ ಅವರದೇ. ನಮ್ಮಲ್ಲಿ ಹಾಗೆ ಇಟ್ಟ ಮೇಲೆ ವಿಜಯದಶಮಿಯವರೆಗೆ ಯಾರೂ ಯಾವ ಪುಸ್ತಕವನ್ನೂ ಓದುವಂತಿಲ್ಲ. ಆ ದಿನ ಬೆಳಿಗ್ಗೆ ಒಬ್ಬೊಬ್ಬರೂ ತಮ್ಮ ಪುಸ್ತಕ ತೆಗೆದು ನಾಲ್ಕು ಸಾಲು ಗಟ್ಟಿಯಾಗಿ ಓದಿದ ಮೇಲೆಯೇ ಬಿಡುಗಡೆ. ಅತ್ತೆ ಕಪಾಟಿನಿಂದ ಆ ಪತ್ತೇದಾರಿ ಕಾದಂಬರಿಯನ್ನು ಹುಡುಕಿ ತೆಗೆಸಿ, ಕಣ್ಣಿಗೊತ್ತಿಕೊಂಡರು.

"ಇದು ಅವರಿಗೆ ತುಂಬಾ ಇಷ್ಟದ್ದು. ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿ ನನಗೆ ಓದಿ ಹೇಳ್ತಿದ್ರು."

ಅದನ್ನು ಎಲ್ಲಕ್ಕಿಂತ ಕೆಳಗಿಟ್ಟು, ಮೇಲೆ ಉಳಿದವನ್ನು ಪೇರಿಸಿ, ನನ್ನ ಕಡೆ ತಿರುಗಿದರು. "ಯೋಗೀಶರೇ, ನಿಮ್ಮ ಪುಸ್ತಕ?"

"ನನ್ನದು ಟ್ಯಾಬು ಅತ್ತೆ."

"ಅಮ್ಮಾ, ಅವರ ಪುಸ್ತಕ ಎಲ್ಲ ಅದರ ಒಳಗೇ ಉಂಟು," ಎಂದಳು ಕುಶಲಾ, ಮಹಾ ಮುಗ್ಧೆಯಂತೆ. "ಅವರೇ ಹೇಳಿದ್ದು."

"ಹಾಗಾದ್ರೆ ಕೊಡಿ."

ನಾನು ಟ್ಯಾಬನ್ನು ಬೆನ್ನ ಹಿಂದೆ ಸರಿಸಿದೆ. ನಾನು ಕೊನೆಯ ಅಧ್ಯಾಯದಲ್ಲಿದ್ದೆ! ಹೆಂಚಿನ ಕಾರ್ಖಾನೆಯ ಧಣಿ ಸತ್ತು ಬಿದ್ದಿದ್ದ, ಪತ್ತೇದಾರ ಮನೆಯವರನ್ನೆಲ್ಲ ಕೋಣೆಯಲ್ಲಿ ಕೂಡಿಹಾಕಿ, "ಕೊಲೆಗಾರ ಈ ಕೋಣೆಯಲ್ಲೇ ಇದ್ದಾನೆ," ಎಂದು ಬೆರಳೆತ್ತಿದ್ದ. (ಮೊಬೈಲಿನಲ್ಲಿ ಓದಬಾರದೇ ಎನ್ನುತ್ತೀರಿ. ಚಾಳೀಸು ಬಂದ ಕಣ್ಣಿಗೆ ಅದರ ಅಕ್ಷರ ಇರುವೆ ಸಾಲು.)

"ಅತ್ತೆ, ಇದು ಬರೀ ಯಂತ್ರ! ಶಾರದೆಗೂ ಇದಕ್ಕೂ ಎಂತ ಸಂಬಂಧ?"

"ಯಂತ್ರ ಆದ್ರೆ ಆಯುಧ ಪೂಜೆಗೆ ಇಡುವ, ಮಿಕ್ಸಿಯ ಹತ್ತಿರ," ಎಂದಳು ಕುಶಲಾ. "ಆದ್ರೆ ಬರೀ ಯಂತ್ರ ಅಂತಾದ್ರೆ ನನಗೆ ಕಪಾಟು ಬೇಕಾಗ್ತದೆ. ಯಾವುದು ಹೇಳಿ, ಪುಸ್ತಕವಾ, ಯಂತ್ರವಾ?"

ಅಡಕತ್ತರಿ ಎಂದರೆ ಇದು. ಕುರ್ಚಿಯ ಆಸೆಗೆ "ಪುಸ್ತಕ" ಎಂದು ಒಪ್ಪಿ ಟ್ಯಾಬು ಕೊಟ್ಟೆ. ಅತ್ತೆ ಅದರ ಮುಖಕ್ಕೆ ಗಂಧ ಬಳಿದು, ಕುಂಕುಮವಿಟ್ಟು, ದಾಸವಾಳ ಏರಿಸಿ, ರಾಶಿಯ ತುತ್ತತುದಿಯಲ್ಲಿ ಕೂರಿಸಿದರು.

ಆಮೇಲಿನ ದಿನಗಳ ಸಂಕಟ ಶತ್ರುವಿಗೂ ಬೇಡ. ಅನ್ನ ರುಚಿಸಲಿಲ್ಲ. ಆಫೀಸಿನಲ್ಲಿ ಮ್ಯಾನೇಜರು ಗಂಟಲು ಸರಿಪಡಿಸಿಕೊಂಡರೂ ಇವನೇ ಕೊಲೆಗಾರ ಎನಿಸುತ್ತಿತ್ತು. ಆಯುಧ ಪೂಜೆಯ ಮಧ್ಯಾಹ್ನ ರಸ್ತೆಯಲ್ಲಿ ತಾಸೆ ವಾದ್ಯದ ಸದ್ದು ಕೇಳಿತು. ಹುಲಿವೇಷ ನೋಡಲು ತಾಯಿ ಮಗಳು ಕೆಳಗಿಳಿದರು. ಬಾಗಿಲು ಮುಚ್ಚಿದ್ದೇ ತಡ, ನಾನು ದೇವರ ಕೋಣೆಗೆ ನುಗ್ಗಿದೆ.

"ತಾಯೀ, ಒಂದೇ ಒಂದು ಅಧ್ಯಾಯ," ಎಂದು ಶಾರದೆಗೆ ಕೈಮುಗಿದು ಟ್ಯಾಬಿನ ಗುಂಡಿ ಒತ್ತಿದೆ. ಕತ್ತಲು. ಇಷ್ಟು ದಿನದ ಉಪವಾಸಕ್ಕೆ ಚಾರ್ಜ್ ಪೂರ್ತಿ ಹೋಗಿತ್ತು. ಅದನ್ನು ಚಾರ್ಜಿಗೆ ಹಾಕಿ ಕಾಯುವಷ್ಟರಲ್ಲಿ ಇವರು ಬಂದೇ ಬರುತ್ತಾರೆ. ಆಗ ಕಣ್ಣಿಗೆ ಬಿತ್ತು, ರಾಶಿಯ ತಳದಲ್ಲಿ ಮಾವನ ಕಾದಂಬರಿ! ಟ್ಯಾಬನ್ನು ಮೇಲೆ ಇಟ್ಟು, ಕೆಳಗಿನ ಪುಸ್ತಕವನ್ನು ಮೆಲ್ಲಗೆ ಎಳೆದೆ. ಬರಲಿಲ್ಲ. ಇನ್ನೊಮ್ಮೆ ಎಳೆದೆ. ಪುಸ್ತಕ ಬಂತು, ರಾಶಿ ವಾಲಿತು, ಟ್ಯಾಬು ಜಾರಿ ಪಕ್ಕದಲ್ಲಿದ್ದ ನೈವೇದ್ಯದ ಹೆಸರುಬೇಳೆ ಪಾಯಸದೊಳಗೆ ನೆಟ್ಟಗೆ ಇಳಿಯಿತು.

ಎತ್ತಿ ಲುಂಗಿಯಲ್ಲಿ ಒರೆಸಿದೆ. ಹೊಸ ಕುಂಕುಮವಿಟ್ಟೆ. ಜಾಣನಾದವನು ಅಲ್ಲಿಂದ ಓಡುತ್ತಿದ್ದ. ನಾನು ಮಾತ್ರ ಪುಸ್ತಕ ತೆರೆದೆ. ಜೀರಿಗೆಯ ವಾಸನೆ ಬಂತು. ಹಳದಿ ಹಾಳೆ, ದಪ್ಪ ಅಕ್ಷರ. ಉಳಿದಿರುವುದು ಇಷ್ಟೇ ಪುಟ ಎಂದು ಬಲಗೈಗೆ ಗೊತ್ತಾಗುತ್ತಿತ್ತು, ಮುಗಿಯುತ್ತದಲ್ಲ ಎಂದು ಬೇಸರವೂ ಆಗುತ್ತಿತ್ತು. ಟ್ಯಾಬಿನಲ್ಲಿ ಇಂಥ ಬೇಸರ ನನಗೆ ಯಾವತ್ತೂ ಆದದ್ದಿಲ್ಲ. ಕೊಂದವನು ಧಣಿಯ ಸ್ವಂತ ಭಾವಮೈದ! ಲಿಫ್ಟಿನ ಸದ್ದಾಗುವಷ್ಟರಲ್ಲಿ ಎಲ್ಲವನ್ನೂ ಇದ್ದ ಹಾಗೇ ಪೇರಿಸಿ, ಹಾಲಿನಲ್ಲಿ ನಿದ್ರೆ ಮಾಡತೊಡಗಿದೆ.

ಸಂಜೆ ಪಾಯಸ ಬಡಿಸಿದರು. "ಇವತ್ತು ಎಂತದೋ ಗಂಧದ ಪರಿಮಳ ಉಂಟಲ್ಲ," ಎಂದರು ಅತ್ತೆ. "ದೇವರ ಮಹಿಮೆ," ಎಂದು ನಾನು ಎರಡು ಲೋಟ ಕುಡಿದೆ.

ವಿಜಯದಶಮಿ ಬಂತು. ಕುಶಲಾ ತನ್ನ ನಾಲ್ಕು ಸಾಲು ಓದಿದಳು. ಈಗ ನನ್ನ ಸರದಿ. ಟ್ಯಾಬು ಹಿಡಿದು, "ಚಾರ್ಜ್ ಇಲ್ಲ," ಎಂದು ನಕ್ಕೆ. ಕುಶಲಾ ಚಾರ್ಜರ್ ತಂದಳು. ಅದು ಒಳಗೆ ಹೋಗಲಿಲ್ಲ. ತಲೆಯಿಂದ ಹೇರ್‌ಪಿನ್ ತೆಗೆದು ತೂತಿಗೆ ಹಾಕಿ ಕೆದಕಿದಳು. ಹೊರಬಂದದ್ದು ಒಂದು ಹೆಸರುಬೇಳೆ. ಅವಳು ಅದನ್ನು ಅಂಗೈಯಲ್ಲಿಟ್ಟು ನೋಡಿದಳು. ನನ್ನನ್ನು ನೋಡಿದಳು. ಆ ಕಾದಂಬರಿಯನ್ನು ಎತ್ತಿ ಕೊನೆಯ ಪುಟ ಬಿಡಿಸಿದಳು. ಅಂಟಿದ್ದ ಹಾಳೆ ಚರ್ರೆಂದಿತು. ಅಲ್ಲಿ ಬೆಲ್ಲ, ಕುಂಕುಮ ಬೆರೆತ ನನ್ನ ಹೆಬ್ಬೆರಳಿನ ಗುರುತು ಅಚ್ಚುಕಟ್ಟಾಗಿ ಮೂಡಿತ್ತು.

"ಅಮ್ಮಾ, ಕೊಲೆಗಾರ ಈ ಕೋಣೆಯಲ್ಲೇ ಇದ್ದಾನೆ," ಎಂದಳು.

ಅದೇ ಗಳಿಗೆಯಲ್ಲಿ ಬೆಲ್ ಆಯಿತು. ಬಾಗಿಲಲ್ಲಿ ಆರ್ಥರ್. "ಎಂತ ಯೋಗೀಶ್, ತೆರೆಯದ ಪುಸ್ತಕ ಎಲ್ಲ ಕೊಡ್ತೇನೆ ಹೇಳಿದ್ದಿ. ಟೆಂಪೋ ಕೆಳಗೆ ಉಂಟು ಮಾರಾಯ."

"ಒಂದೇ ಇರುವುದು ಆರ್ಥರಣ್ಣ," ಎಂದು ಕುಶಲಾ ಟ್ಯಾಬನ್ನು ಅವನ ಕೈಗಿಟ್ಟಳು. "ತೆರೆಯುವುದೇ ಇಲ್ಲ. ಇದಕ್ಕೆ ಈ ಮನೆಯಲ್ಲಿ ಜಾಗ ಇಲ್ಲ. ಇವರದ್ದೇ ಕಾನೂನು."

ಅವನು ಅದನ್ನು ತಿರುಗಿಸಿ, ಮೂಸಿ, ಖಾಲಿ ಟೆಂಪೋದಲ್ಲಿ ಒಯ್ದ.

ಕುರ್ಚಿಯೂ ಬಂತು. ಕಪಾಟಿನ ಎದುರಿಗೇ ಹೇಗೋ ತುರುಕಿದೆವು. ಅದರಲ್ಲಿ ದೇಯಿ ಅತ್ತೆ ಕಾಲು ಚಾಚಿ ಕೂತಿದ್ದಾರೆ, ಬಜಪೆಗೆ ಹೋಗುವ ಮಾತೇ ಇಲ್ಲ. ಪೂಜೆಗಿಟ್ಟ ಪುಸ್ತಕ ಕದ್ದು ಓದಿದ ತಪ್ಪಿಗೆ ನಾನು ನೆಲದ ಮೇಲೆ ಕೂತು ಆ ಕಾದಂಬರಿಯನ್ನು ಮೊದಲ ಪುಟದಿಂದ ಅವರಿಗೆ ಓದಿ ಹೇಳಬೇಕು. ನಿನ್ನೆ ಕೊನೆಯ ಅಧ್ಯಾಯಕ್ಕೆ ಬಂದು, ದೊಡ್ಡ ಗತ್ತಿನಿಂದ ಪುಸ್ತಕ ಮುಚ್ಚಿದೆ.

"ಉಳಿದದ್ದು ನಾಳೆ. ಕೊಂದದ್ದು ಯಾರು, ಯೋಚನೆ ಮಾಡಿ ಅತ್ತೆ."

"ಯೋಚನೆ ಮಾಡಲಿಕ್ಕೆ ಎಂತ ಉಂಟು? ಭಾವಮೈದ. ಅವರು ಎಷ್ಟು ಸಲ ಓದಿ ಹೇಳಿದ್ದಾರೆ!"

"ನಿಮಗೆ ಗೊತ್ತಿತ್ತಾ?"

"ಪೂಜೆಯ ದಿನ ನನ್ನಲ್ಲಿ ಒಂದು ಮಾತು ಕೇಳಿದ್ರೆ ಆಗಲೇ ಹೇಳ್ತಿದ್ದೆ," ಎಂದರು ಅತ್ತೆ. ಬೆನ್ನು ಹಿಂದಕ್ಕೆ ಒರಗಿಸಿದರು, ಕಾಲು ಇನ್ನಷ್ಟು ಮೇಲೇರಿತು. "ನೀವು ಅವರಷ್ಟು ಚೆಂದ ಓದುವುದಿಲ್ಲ. ಇರಲಿ. ಪುನಃ ಮೊದಲಿಂದ ಓದಿ."