ತರಕಾರಿ ಹಲಗೆಯ ಮೂರು ಮೊಳೆಗಳು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಟೋಕಿಯೋದ ಎಡೋಗಾವಾದಲ್ಲಿ, ನಮ್ಮ ಬೀದಿ ಕೊನೆಯ ಕೊಂಬಿನಿಯಲ್ಲಿ, ಅಂದರೆ ಬಾಗಿಲೇ ಮುಚ್ಚದ ಆ ಪುಟ್ಟ ಅಂಗಡಿಯಲ್ಲಿ, ಒಂದು ಪೊಟ್ಟಣ ಚಿಪ್ಸಿಗಾಗಿ ನಾನು ನನ್ನ ಪ್ರಾಣವನ್ನೇ ಕೊಟ್ಟು ಬಂದೆ. ಬೆಲೆ ಐದು ಯೆನ್. ಜಾಸ್ತಿ ಆಯಿತು ಅಂತೀರಾ? ನನ್ನ ಸ್ನೇಹಿತರೂ ಅದನ್ನೇ ಅಂದರು!

ಈ ದರ ನಿಗದಿ ಮಾಡಿದವರು ನಮ್ಮ ಭಾವ, ಅಕ್ಕನ ಗಂಡ. ಇಸವಿ ಎರಡು ಸಾವಿರ ಬಂದೊಡನೆ ಕಂಪ್ಯೂಟರುಗಳನ್ನು ಕೆಡಿಸಲಿದೆ ಎನ್ನುತ್ತಿದ್ದ ವೈ-ಟು-ಕೆ ಹುಳವನ್ನು ಬ್ಯಾಂಕುಗಳ ಸಾಫ್ಟ್‌ವೇರಿನಲ್ಲಿ ಹುಡುಕಲೆಂದು ಜಪಾನಿಗೆ ಬಂದವರು. ಅವರ ಬೆನ್ನಿಗೇ ಅದೇ ಹುಳ ಹುಡುಕಲು ನಾನೂ ಬಂದು ಅವರ ಮನೆಯಲ್ಲೇ ಬೀಡುಬಿಟ್ಟಿದ್ದೆ. ಭಾವ ಬೆಳೆದದ್ದು ಕೋಲಾರದ ಚಿನ್ನದ ಗಣಿಯ ಊರಲ್ಲಿ. ಅವರಪ್ಪ ದಿನಾ ಪಾತಾಳಕ್ಕೆ ಇಳಿಯುತ್ತಿದ್ದರಂತೆ. ಇಳಿಯುವವರು ಗಣಿಬಾಯಿಯ ಬೋರ್ಡಿನಿಂದ ತಮ್ಮ ಹಿತ್ತಾಳೆ ಟೋಕನ್ ತೆಗೆದುಕೊಂಡು ಹೋಗಬೇಕು, ಮೇಲೆ ಬಂದವರು ಅದೇ ಮೊಳೆಗೆ ತೂಗುಹಾಕಬೇಕು. ಮೊಳೆ ಖಾಲಿ ಇದೆಯೆಂದರೆ ಆಸಾಮಿ ಇನ್ನೂ ಒಳಗಿದ್ದಾನೆ ಅಂತ ಲೆಕ್ಕ.

ಈ ಪದ್ಧತಿಯನ್ನು ಭಾವ ಜಪಾನಿನಲ್ಲೂ ಜಾರಿಗೆ ತಂದಿದ್ದರು! ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಹಾಗಾಗಿ ಅಕ್ಕನ ತರಕಾರಿ ಹೆಚ್ಚುವ ಹಲಗೆಗೆ ಮೂರು ಮೊಳೆ ಬಿತ್ತು. ಬಾಗಿಲ ಪಕ್ಕ, ಚಪ್ಪಲಿ ಗೂಡಿನ ಮೇಲೆ ಹಲಗೆ ವಿರಾಜಮಾನವಾಯಿತು. (ಅಂದಿನಿಂದ ಅಕ್ಕ ಹುರುಳಿಕಾಯಿಯನ್ನು ಕೈಯಲ್ಲೇ ಮುರಿಯುತ್ತಿದ್ದಳು.) ಇನ್ನು ಟೋಕನ್? ಐದು ಯೆನ್ನಿನ ನಾಣ್ಯಕ್ಕೆ ನಡುವೆ ತೂತು ಇರುತ್ತದೆ, ಬಣ್ಣವೂ ಹಿತ್ತಾಳೆಯದೇ. ಜಪಾನ್ ಸರ್ಕಾರ ಅದನ್ನು ತಮಗೋಸ್ಕರವೇ ಅಚ್ಚು ಹಾಕಿಸಿದೆ ಎಂದು ಭಾವ ಮನಸಾರೆ ನಂಬಿದ್ದರು. ಅವರದಕ್ಕೆ ಕಪ್ಪು ದಾರ, ಅಕ್ಕನದಕ್ಕೆ ಹಸಿರು, ನನ್ನದಕ್ಕೆ ಕೆಂಪು. ಕಸ ಹಾಕಿ ಬರಲು ಹೋದರೂ ಪ್ರಾಣ ಜೇಬಿನಲ್ಲಿರಬೇಕು!

“ಭಾವ, ಮೊಬೈಲ್ ಇದೆಯಲ್ಲ?”

“ಮೊಬೈಲು ಎಲ್ಲಿಂದ ಬೇಕಾದ್ರೂ ಮಾತಾಡತ್ತೆ ಕಣೋ. ಮೊಳೆ, ಮನೆಗೆ ಬಂದ್ಮೇಲೇ ಮಾತಾಡೋದು.”

“ವೈ-ಟು-ಕೆ ಬಂದು ಎಲ್ಲಾ ನಿಂತುಹೋದ್ರೆ?”

“ಪ್ರಪಂಚದ ಕಂಪ್ಯೂಟರೆಲ್ಲ ಮಲಗ್ಲಿ. ಈ ಹಲಗೆ ಮಲಗಲ್ಲ.”

ಇಂಥವರನ್ನು ಅಣಕಿಸದೆ ಬಿಡುವುದು ಹೇಗೆ ಹೇಳಿ? ನಾವು ಆಫೀಸಿಗೆ ಹೋಗುವ ರೈಲು ನದಿ ದಾಟಿ ಸ್ವಲ್ಪ ದೂರಕ್ಕೆ ಸುರಂಗ ಹೊಗುತ್ತದೆ. ಅಲ್ಲಿ ಭಾವ ಎರಡೂ ಕೈಯಲ್ಲಿ ಹಿಡಿಕೆ ಹಿಡಿದು, ಕೆನ್ನೆ ಉಬ್ಬಿಸಿ, ಉಸಿರು ಕಟ್ಟಿ ನಿಲ್ಲುತ್ತಿದ್ದರು. ಮನೆಗೆ ನೆಂಟರಿಷ್ಟರು ಬಂದಾಗಲೆಲ್ಲ ನಾನು ಅದನ್ನು ಮಾಡಿ ತೋರಿಸುವುದು, ಅವರು ಕಾಫಿ ಚೆಲ್ಲಿಕೊಂಡು ನಗುವುದು. ಭಾವನೂ ಚಪ್ಪಾಳೆ ತಟ್ಟಿ, “ಭೇಷ್! ಥೇಟ್ ನಾನೇ! ಅಂದ ಹಾಗೆ, ಟೋಕನ್ ಹಾಕಿದ್ಯೇನೋ?” ಅನ್ನುವರು.

ಆ ಶನಿವಾರ ಮಧ್ಯಾಹ್ನ ಭಾವ ವೀಡಿಯೋ ಅಂಗಡಿಯಿಂದ ಒಂದು ಕ್ಯಾಸೆಟ್ ತಂದರು. ಡಬ್ಬಿಯ ಮೇಲೆ ತಲೆಗೆ ದೀಪ ಕಟ್ಟಿಕೊಂಡ ಮಸಿಮುಖಗಳು. ಅವರಿಗೆ ಅಷ್ಟೇ ಸಾಕಾಗಿತ್ತು. ಹಾಕಿ ನೋಡಿದರೆ ಮಾತು ಫ್ರೆಂಚು, ಕೆಳಗಿನ ಅಕ್ಷರ ಜಪಾನಿ! ಕಂಪನಿಯ ಜಪಾನಿ ಕ್ಲಾಸಿನಲ್ಲಿ ‘ಸುಮಿಮಾಸೆನ್’, ಅಂದರೆ ‘ಕ್ಷಮಿಸಿ’ ಎನ್ನುವವರೆಗೆ ಮುಟ್ಟಿದ್ದ ಪಂಡಿತ ನಾನೊಬ್ಬನೇ. “ಯೋಚನೆ ಬಿಡಿ, ಕನ್ನಡ ಡಬ್ಬಿಂಗ್ ನನ್ನದು” ಎಂದು ಘೋಷಿಸಿ, ಕೆಂಪು ದಾರದ ನಾಣ್ಯ ಜೇಬಿಗಿಳಿಸಿ ಚಿಪ್ಸ್ ತರಲು ಓಡಿದೆ. ತೆರಿಗೆ ಸೇರಿ ನೂರೈದು ಯೆನ್. ಜೇಬಿನ ಚಿಲ್ಲರೆ ಸುರಿದು ಓಡಿ ಬಂದೆ. ಸಿನಿಮಾ ಶುರುವಾಗುವ ಗಡಿಬಿಡಿಯಲ್ಲಿ ಹಲಗೆಯ ನೆನಪು ಯಾರಿಗೆ?

ಡಬ್ಬಿಂಗ್ ಅಮೋಘವಾಗಿ ಸಾಗಿತು. ಮೀಸೆ ಮೇಸ್ತ್ರಿಗೆ ನಮ್ಮ ಮ್ಯಾನೇಜರನ ದನಿ ಕೊಟ್ಟೆ: “ಗಣಿ ನಾಳೆಯೇ ಡೆಲಿವರಿ ಆಗಬೇಕು!” ಮುದುಕ ಕಾರ್ಮಿಕನಿಗೆ ಭಾವನದೇ ದನಿ: “ಟೋಕನ್ ತಗೊಂಡ್ರೇನ್ರಪ್ಪಾ?” ಅಕ್ಕ ಚಿಪ್ಸ್ ಗಂಟಲಿಗೆ ಸಿಕ್ಕಿಸಿಕೊಂಡು ನಕ್ಕಳು. ಅಷ್ಟರಲ್ಲಿ ತೆರೆಯ ಮೇಲೆ ಗಣಿ ಕುಸಿಯಿತು. ಧೂಳು. ಹೆಂಗಸರು ಗೇಟಿನ ಹತ್ತಿರ ಓಡಿ ಬಂದರು. ಆಮೇಲೆ ಕ್ಯಾಮೆರಾ ಒಂದು ಬೋರ್ಡನ್ನು ತೋರಿಸಿತು. ಸಾಲು ಮೊಳೆಗಳು, ಅವುಗಳಲ್ಲಿ ಕೆಲವು ಖಾಲಿ.

ನನ್ನ ಡಬ್ಬಿಂಗ್ ತಾನಾಗಿಯೇ ನಿಂತಿತು. ಭಾವ ಎದ್ದು ನಿಂತಿದ್ದರು. ಮೇಲಿನವರು ಬಂಡೆಗೆ ಕಿವಿ ಕೊಟ್ಟು ಕೇಳುತ್ತಿದ್ದಾರೆ... ಒಳಗಿನಿಂದ ಯಾರೋ ಬಡಿದ ಸದ್ದು... ಟಕ್, ಟಕ್, ಟಕ್...

ಕ್ಯಾಸೆಟ್ ಮುಗಿಯಿತು! ಸಿನಿಮಾ ಎರಡು ಕ್ಯಾಸೆಟ್ಟಿನದಂತೆ. ಡಬ್ಬಿಯ ಮೇಲೆ ಬರೆದಿತ್ತಂತೆ, ಪಂಡಿತರು ಓದಿರಲಿಲ್ಲ.

ಭಾವ ಅಭ್ಯಾಸಬಲದಿಂದ ನಮ್ಮ ಹಲಗೆಯ ಕಡೆ ತಿರುಗಿದರು. ಕೆಂಪು ದಾರದ ಮೊಳೆ ಖಾಲಿ!

“ರೀ, ಅವನು ನಿಮ್ಮ ಪಕ್ಕದಲ್ಲೇ ಇದ್ದಾನಲ್ರೀ!” ಅಂದಳು ಅಕ್ಕ.

“ಮೊಳೆ ಖಾಲಿ ಇದೆ” ಅಂದರು ಭಾವ. ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು. “ಒಂದೊಂದಾಗಿ ನೋಡೋಣ. ಮೊದ್ಲು ಆ ಸಿನಿಮಾದವರು ಮೇಲೆ ಬಂದ್ರಾ ಅಂತ ತಿಳೀಲಿ. ನಡಿಯೋ.”

ವೀಡಿಯೋ ಅಂಗಡಿಯಲ್ಲಿ ಎರಡನೆಯ ಕ್ಯಾಸೆಟ್ ಇರಲಿಲ್ಲ, ಯಾರೋ ಒಯ್ದಿದ್ದರು. ಗಲ್ಲಾದಲ್ಲಿದ್ದ ತಾತನನ್ನು ಕೇಳಬೇಕು, ಭಾಷೆ ಇಲ್ಲ. ಸರಿ, ನನ್ನ ಕಲೆ ಇನ್ಯಾವಾಗ ಉಪಯೋಗಕ್ಕೆ ಬರುವುದು? ನೆಲಕ್ಕೆ ಬಿದ್ದೆ, ಕೆಮ್ಮಿದೆ, ತೆವಳಿದೆ, ಕಾಲ್ಪನಿಕ ಬಂಡೆ ನೂಕಿದೆ. ತಾತ ಗಾಬರಿಯಾಗಿ ನನಗೆ ಕುರ್ಚಿ ತಂದುಕೊಟ್ಟ. ಆಮೇಲೆ ನೀರು!

ಆಗ ಭಾವ ಮುಂದೆ ಬಂದರು. ಜನ್ಮದಲ್ಲಿ ಯಾರನ್ನೂ ಅಣಕಿಸದ ಮನುಷ್ಯ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಮೇಜಿಗೆ ಕಿವಿ ಹಚ್ಚಿ, ಬೆರಳ ಗೆಣ್ಣಿನಿಂದ ಮೆಲ್ಲಗೆ ಬಡಿದರು. ಟಕ್, ಟಕ್, ಟಕ್. ಹಾಗೇ ಕಣ್ಣೆತ್ತಿ ತಾತನನ್ನು ನೋಡಿದರು.

ತಾತನಿಗೆ ಅರ್ಥವಾಯಿತು. ಕಥೆಯ ಕೊನೆ ಹೇಳಿಬಿಡುವುದು ಮರ್ಯಾದೆಯಲ್ಲ ಎಂದೋ ಏನೋ, “ಸುಮಿಮಾಸೆನ್, ಸುಮಿಮಾಸೆನ್” ಎಂದು ಬಗ್ಗಿದ. ಭಾವ ಕಿವಿ ತೆಗೆಯಲಿಲ್ಲ. ತಾತ ಆಚೀಚೆ ನೋಡಿ, ಮೇಜಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಮಾಯವಾದ. ಅಡಿಯಿಂದ ಸದ್ದು ಬಂತು. ಟಕ್, ಟಕ್, ಟಕ್. ಆಮೇಲೆ ಬೋಳುತಲೆ ನಿಧಾನಕ್ಕೆ ಮೇಲೆದ್ದಿತು. ಮತ್ತೆ ಕೂತ, ಮತ್ತೆ ಎದ್ದ. ಮತ್ತೆ ಕೂತ, ಮತ್ತೆ ಎದ್ದ. ಪಾಪ, ಮಂಡಿ ಲಟಲಟ ಅನ್ನುತ್ತಿತ್ತು, ಆದರೆ ಕೊನೆಯವನನ್ನು ಮೇಲೆ ತರುವವರೆಗೆ ನಿಲ್ಲಿಸಲಿಲ್ಲ!

ಭಾವ ಅಂಥ ದೊಡ್ಡ ಉಸಿರು ಬಿಟ್ಟದ್ದನ್ನು ನಾನು ರೈಲಿನಲ್ಲೂ ಕಂಡಿರಲಿಲ್ಲ.

ಇನ್ನು ಉಳಿದವನು ನಾನು. ಜೇಬಿನಲ್ಲಿ ಪ್ರಾಣವಿಲ್ಲ, ಚಿಪ್ಸಿನ ಚಿಲ್ಲರೆಯ ಜೊತೆ ಹೋಗಿದೆ! ಕೊಂಬಿನಿಗೆ ಹೋದೆವು. ಕೆಂಪು ದಾರ ಎಂದು ಹೇಳಲು ನಾನು ಮತ್ತೆ ನೆಲಕ್ಕೆ ಬೀಳುವ ತಯಾರಿಯಲ್ಲಿದ್ದೆ. ಗಲ್ಲಾದ ಹುಡುಗಿ ನನ್ನ ಮುಖ ನೋಡಿದವಳೇ ಒಂದು ಪುಟ್ಟ ಪ್ಲಾಸ್ಟಿಕ್ ಚೀಲ ತೆಗೆದು, ಎರಡೂ ಕೈಯಲ್ಲಿ ಹಿಡಿದು, ಬಗ್ಗಿ ಕೊಟ್ಟಳು. ಒಳಗೆ ನನ್ನ ಪ್ರಾಣ, ದಾರಸಮೇತ! ಬದಲಿಗೆ ಬೇರೆ ಐದು ಯೆನ್ ಕೊಟ್ಟು, ನಾನು ಕಲಿತ ಅಷ್ಟೂ ‘ಅರಿಗಾತೋ’ ಧನ್ಯವಾದಗಳನ್ನು ಅಲ್ಲೇ ಖರ್ಚು ಮಾಡಿದೆ.

ಮನೆಗೆ ಬಂದು ನಾಣ್ಯವನ್ನು ಮೊಳೆಗೆ ಹಾಕಿದೆ. ಜೀವ ಬಂದಿತಲ್ಲ, ಜೊತೆಗೆ ಬಾಯಿಯೂ ಬಂತು.

“ಅಲ್ಲಾ ಭಾವ, ನಾನು ನಿಮ್ಮ ಪಕ್ಕದಲ್ಲೇ ಕೂತು ಚಿಪ್ಸ್ ತಿಂತಿದ್ದೆ. ಮೊಳೆ ಖಾಲಿ ಇದ್ರೆ ಏನಾಯ್ತು?”

ಭಾವ ಚಪ್ಪಲಿ ಬಿಡುತ್ತಾ ಹೇಳಿದರು: “ನಾನು ಚಿಕ್ಕವನಿದ್ದಾಗ ಒಂದಿನ ಗಣಿ ಒಳಗೆ ಬಂಡೆ ಬಿತ್ತು. ಎಲ್ಲರ ಟೋಕನ್ ಬಂತು, ಅಪ್ಪಂದು ಬರ್ಲಿಲ್ಲ. ಅಮ್ಮ ನನ್ನ ಕೈ ಹಿಡ್ಕೊಂಡು ಆ ಖಾಲಿ ಮೊಳೆ ನೋಡ್ತಾ ಸಾಯಂಕಾಲದವರೆಗೂ ನಿಂತಿದ್ಲು. ಅಪ್ಪ ಬೇರೆ ದಾರೀಲಿ ಯಾವಾಗ್ಲೋ ಮೇಲೆ ಬಂದು, ಟೋಕನ್ ಜೇಬಲ್ಲಿಟ್ಕೊಂಡು, ಕ್ಯಾಂಟೀನಲ್ಲಿ ಟೀ ಕುಡೀತಿದ್ದ.”

ಭಾವ ಚಪ್ಪಲಿಯನ್ನು ಗೂಡಿಗೆ ಇಟ್ಟರು.

“ಅಪ್ಪನೂ ನಿನ್ನ ಹಾಗೇ ನಗ್ತಾ ಕೇಳ್ದ, ನಾನು ಬಂದಾಗಿತ್ತಲ್ಲೇ, ಮೊಳೆ ಖಾಲಿ ಇದ್ರೆ ಏನಾಯ್ತು ಅಂತ. ಅಮ್ಮ ಒಂದೇ ಮಾತು ಅಂದ್ಲು: ‘ಬಂದಿದ್ದು ನಿಮಗೆ ಗೊತ್ತಿತ್ತು. ನನಗೆ?’”