ನಾಲ್ಕು ಗೋಡೆಯ ಫಾರಂ, ಐದು ಗೋಡೆಯ ಬಚ್ಚಲು

ಬಾತ್‌ಟಬ್ ಕಂಪನಿಯ ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ

ಮಾನ್ಯರೇ,

ತಾವೂ ತಮ್ಮ ವಿಭಾಗದವರೆಲ್ಲರೂ ಕ್ಷೇಮವಾಗಿದ್ದು, ದಿನವೂ ಕಾಲು ಚಾಚಿ ಸ್ನಾನ ಮಾಡುತ್ತಿರುವಿರೆಂದು ನಂಬಿ, ಈ ಪತ್ರವನ್ನು ಊರವರೂ ಓದಲೆಂದು ಪತ್ರಿಕೆಯ ಮೂಲಕ ತಮಗೆ ತಲುಪಿಸುತ್ತಿದ್ದೇನೆ. ಹಿಂದಿನ ನನ್ನ ಮೂರು ಪತ್ರಗಳಿಗೆ ತಾವು ಕಳಿಸಿದ ಮೂರು ಉತ್ತರಗಳೂ ಅಕ್ಷರಶಃ ಒಂದೇ ಆಗಿದ್ದವು. ಆಡಿದ ಮಾತಿಗೆ ಇಷ್ಟು ಬದ್ಧವಾಗಿರುವ ಸಂಸ್ಥೆಯನ್ನು ನಾನು ಈಚೆಗೆ ಕಂಡಿಲ್ಲ.

ನನ್ನ ಅಕ್ಕ ಅಂಚೆ ಕಚೇರಿಯಲ್ಲಿ ಮೂವತ್ತೆರಡು ವರ್ಷ ನಿಂತುಕೊಂಡೇ ಕಾಗದ ವಿಂಗಡಿಸಿದವಳು. ನಿವೃತ್ತಿಯ ದಿನ ಕುಳಿತವಳು ಮತ್ತೆ ಸಲೀಸಾಗಿ ಏಳಲಿಲ್ಲ. ದಿನಕ್ಕೆ ಅರ್ಧ ಗಂಟೆ ಬಿಸಿನೀರಿನಲ್ಲಿ ಕಾಲು ನೀಡಿ ಕೂರಬೇಕು, ಮಂಡಿ ಮಡಚಕೂಡದು ಎಂದರು ಡಾಕ್ಟರು. ನಮ್ಮ ಬಚ್ಚಲೋ, ಮನೆ ಕಟ್ಟಿ ಮುಗಿದ ಮೇಲೆ ಯಾರಿಗೋ ನೆನಪಾಗಿ ಉಳಿದ ಜಾಗದಲ್ಲಿ ಮಾಡಿದ್ದು. ಅದಕ್ಕೆ ಐದು ಗೋಡೆ. ಐದನೆಯದು ಒಂದೂವರೆ ಅಡಿಯದು. ಅದರ ಹಿಂದೆ ಮೇಲಿನ ಮನೆಯವರ ಕೊಳವೆ ಇಳಿಯುತ್ತದೆ. ಟಬ್ ಎಷ್ಟು ಉದ್ದವಿರಬೇಕೆಂದು ತಿಳಿಯಲು ಅಕ್ಕನನ್ನು ಅಲ್ಲಿಯೇ ಮಲಗಿಸಿ, "ಬೇಗ ಎಳೆಯೋ, ನೆಲ ತಣ್ಣಗಿದೆ" ಎಂದು ಬೈಸಿಕೊಳ್ಳುತ್ತಲೇ ಅವಳ ಸುತ್ತ ಸೀಮೆಸುಣ್ಣದ ಗೆರೆ ಎಳೆದೆ. ಅದನ್ನು ಅಳಿಸುವ ಮೊದಲೇ ಬಂದ ನಲ್ಲಿ ರಿಪೇರಿಯವನು ಟೋಪಿ ತೆಗೆದು, "ಯಾರು ಸರ್ ಹೋಗಿದ್ದು?" ಎಂದು ಮೆಲ್ಲಗೆ ಕೇಳಿದ.

ಅಳತೆ ಬರೆದು ಟಬ್ ತರಿಸುವ ತಮ್ಮ ಫಾರಂನಲ್ಲಿ ನಾಲ್ಕು ಗೋಡೆಗೆ ನಾಲ್ಕೇ ಚೌಕಗಳಿದ್ದವು. ಐದನೆಯದನ್ನು ಎಲ್ಲಿ ಬರೆಯಲಿ ಎಂದು ಫೋನಿನಲ್ಲಿ ಕೇಳಿದಾಗ ತಮ್ಮ ಕಡೆಯ ಹೆಣ್ಣುಮಗಳು, "ಚಿಕ್ಕದಲ್ವಾ ಸರ್, ಬಿಟ್ಬಿಡಿ, ಯಾರೂ ಕೇಳಲ್ಲ" ಎಂದು ಧೈರ್ಯ ಹೇಳಿದರು. ನಾನು ಬಿಟ್ಟೆ. ಗೋಡೆ ಬಿಡಲಿಲ್ಲ. ಬಂದ ಟಬ್ ಮುಕ್ಕಾಲು ಪಾಲು ಒಳಗೆ ಹೋಗಿ, ಆ ಗೋಡೆಗೆ ಹಣೆ ಹಚ್ಚಿ ನಿಂತಿತು. ತಮ್ಮ ತಂತ್ರಜ್ಞರು ಅದನ್ನು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು, ನೆಟ್ಟಗೆ ನಿಲ್ಲಿಸಿದರು, ಬಚ್ಚಲ ಬಾಗಿಲನ್ನೂ ಕಿತ್ತರು. ಕೊನೆಗೆ ಬೆವರು ಒರೆಸಿಕೊಂಡು, "ಟಬ್ ಸರಿಯಾಗೇ ಇದೆ ಸರ್. ಮನೇನೇ ಸ್ವಲ್ಪ ತಪ್ಪಾಗಿದೆ" ಎಂದು ತೀರ್ಪು ಕೊಟ್ಟು, ಬಾಗಿಲನ್ನು ಗೋಡೆಗೆ ಒರಗಿಸಿ ಹೊರಟುಹೋದರು. ಸ್ನಾನದ ನಡುವೆ ಎದ್ದು ಬೀದಿಗೆ ಓಡಿದ ಗ್ರೀಕ್ ಗಣಿತಜ್ಞನ ಬಗ್ಗೆ ಓದಿದಾಗಲೆಲ್ಲ ನಗುತ್ತಿದ್ದೆ. ಅವನ ಮನೆಗೂ ತಮ್ಮವರು ಬಂದುಹೋಗಿದ್ದರೆಂದು ಈಗ ಅನ್ನಿಸುತ್ತದೆ.

ತಮ್ಮ ಈ ಗುಣ ನನಗೆ ಹೊಸದಲ್ಲ. ಹನ್ನೊಂದು ವರ್ಷದ ಹಿಂದೆ ತಮ್ಮದೇ ವಾಶ್‌ಬೇಸಿನ್ನು ಸೊಟ್ಟಗೆ ಬಂದಾಗ, ಅದರ ಎದುರು ಸ್ವಲ್ಪ ಓರೆಯಾಗಿ ನಿಲ್ಲುವುದು ಬೆನ್ನಿಗೆ ಒಳ್ಳೆಯದೆಂದು ಬರೆದಿದ್ದಿರಿ. ಆ ಕಾಗದ ಜೋಪಾನವಾಗಿದೆ. ನನ್ನ ಹೆಂಡತಿ ಈಗಲೂ ಓರೆಯಾಗಿಯೇ ಮುಖ ತೊಳೆಯುತ್ತಾಳೆ.

ಹೀಗೆ ಟಬ್ ನಮ್ಮ ನಡುಮನೆಯಲ್ಲಿ, ಸೋಫಾಕ್ಕೂ ಪುಸ್ತಕದ ಕಪಾಟಿಗೂ ನಡುವೆ ತಳವೂರಿತು. ಒಂದು ವಾರ ಅದರೊಳಗೆ ದಿನಪತ್ರಿಕೆಗಳನ್ನು ಇಟ್ಟೆವು. ಎಂಟನೆಯ ದಿನ ಅಕ್ಕ, "ನೀನು ಕಾಗದ ಬರೀತಾ ಇರು. ನಾನು ಮಾತ್ರ ಇವತ್ತು ಕಾಲು ನೀಡೋದೇ" ಎಂದಳು. ಹೆಂಡತಿಯೂ ನಾನೂ ಹದಿನಾಲ್ಕು ಬಕೆಟ್ ಬಿಸಿನೀರು ಹೊತ್ತೆವು. ಪರದೆಗಳನ್ನೆಲ್ಲ ಎಳೆದು ಹೆಂಡತಿ ನನ್ನನ್ನು ಹೊರಗಿನ ಮೆಟ್ಟಿಲ ಮೇಲೆ ಕೂರಿಸಿದಳು. ಅರ್ಧ ಗಂಟೆ ಅಲ್ಲಿಯೇ ಕುಳಿತಿದ್ದೆ. ಆಮೇಲೆ, "ಇನ್ನೊಂದು ಬಕೆಟ್ ಬಿಸೀದು ತಾರೇ" ಎಂಬ ಅಕ್ಕನ ದನಿ ಕೇಳಿತು. ಆ ದನಿಯಲ್ಲಿ ನೋವಿರಲಿಲ್ಲ. ಎರಡು ವರ್ಷದಲ್ಲಿ ಅದೇ ಮೊದಲು. ಹತ್ತು ದಿನ ಹೀಗೇ ನಡೆದ ಮೇಲೆ, ನಿನ್ನೆ ಅವಳು ಕಂಬಿ ಹಿಡಿಯದೆ ಮೆಟ್ಟಿಲಿಳಿದು, ನಾನಿನ್ನೂ ಚಪ್ಪಲಿ ಹುಡುಕುತ್ತಿರುವಾಗಲೇ ಬೀದಿಯ ತಿರುವು ದಾಟಿದ್ದಳು.

ಇಂಥ ಹೊತ್ತಿನಲ್ಲಿ ತಮ್ಮ ನಾಲ್ಕನೆಯ ಪತ್ರ ಬಂದಿದೆ. ಈ ಸಲ ಅಕ್ಷರಗಳು ಬೇರೆ: ತಪ್ಪೊಪ್ಪಿಕೊಂಡು, ಮಂಗಳವಾರ ಈ ಟಬ್ಬನ್ನು ಒಯ್ದು ನಮ್ಮ ಬಚ್ಚಲಿಗೆ ಹಿಡಿಸುವ ಮೂರಡಿಯ ಟಬ್ ಕೊಡುವಿರಂತೆ. ಅದರಲ್ಲಿ ಹಿಡಿಸುವಂಥ, ಮಂಡಿಯವರೆಗೆ ಮಾತ್ರ ಇರುವ ಅಕ್ಕ ನಮ್ಮಲ್ಲಿ ಇಲ್ಲವಾದ್ದರಿಂದ, ದಯವಿಟ್ಟು ಟಬ್ಬಿನ ಬದಲು ಅದಕ್ಕೆ ಒಪ್ಪುವ ಬಚ್ಚಲನ್ನೇ ಕಳಿಸಿಕೊಡಬೇಕು, ಇಲ್ಲವೇ ಕೊಳವೆಯಿಲ್ಲದೆ ಬಾಳುವಂತೆ ಮೇಲಿನ ಮನೆಯವರನ್ನು ಒಪ್ಪಿಸಬೇಕು. ಎರಡೂ ಆಗದಿದ್ದರೆ ನಡುಮನೆಯ ನೆಲಕ್ಕೊಂದು ನೀರು ಹೋಗುವ ದಾರಿ ಕೊರೆಸಿಕೊಟ್ಟರೂ ಸಾಕು. ಮಗ್ಗಿನಲ್ಲಿ ಮೊಗೆದು ಮೊಗೆದು ಈಗ ನನ್ನ ಬೆನ್ನು ಹಿಡಿದಿದೆ. ದೂರನ್ನು ನಾನು ಹಿಂದಕ್ಕೆ ಪಡೆಯುವುದಿಲ್ಲ. ಟಬ್ಬನ್ನೂ ಕೊಡುವುದಿಲ್ಲ.

ಇಷ್ಟಾದರೂ ತಮ್ಮ ವಿಶ್ವಾಸಿಯೇ ಆಗಿ ಉಳಿದಿರುವ,
ಒಬ್ಬ ಹಳೆಯ ಗ್ರಾಹಕ

ವಿ.ಸೂ.: ಮಂಗಳವಾರ ತಮ್ಮವರು ಅವಶ್ಯವಾಗಿ ಬರಲಿ. ಟಬ್ ಎತ್ತುವ ಮೊದಲು ಅವರು ಅಕ್ಕನನ್ನು ಒಪ್ಪಿಸಬೇಕಾಗುತ್ತದೆ. ನಾನು ಐವತ್ತೆಂಟು ವರ್ಷಗಳಿಂದ ಪ್ರಯತ್ನಿಸುತ್ತಿದ್ದೇನೆ, ಒಮ್ಮೆಯೂ ಆಗಿಲ್ಲ; ತಮ್ಮಲ್ಲಿ ಅದಕ್ಕೆ ತರಬೇತಿ ಇರಬಹುದು.